ಜೋನಿಬೆಲ್ಲಕ್ಕೊಂದು ಊರ ಹೆಸರು

ಶಿಕಾರಿಪುರ, ಸೊರಬ ಸೀಮೆಗೆ ದ್ರಾಕ್ಷಿತೋಟವೆಂದರೆ ಕಬ್ಬಿನ ಗದ್ದೆ, ವೈನರಿಯೆಂದರೆ ಆಲೆಮನೆ. ವೈನಿನ ದ್ರಾಕ್ಷಿಗೆ ಈ ನೆಲ ಹೇಳಿ ಮಾಡಿಸಿದ್ದಲ್ಲ. ದಖ್ಖನಿನಲ್ಲಿ ಬಳ್ಳಿಗೆ ವರ್ಷಕ್ಕೆ ಎರಡು ಚಾಟ್ನಿ, ಅಂದರೆ ಸವರುವಿಕೆ: ಬೇಸಿಗೆಯದು ಕೊಂಬೆಗೆ, ಅಕ್ಟೋಬರಿನದು ಹಣ್ಣಿಗೆ. ಎರಡನೆಯದಾದ ಮೇಲೆ ಹೊರಡುವ ಎಳೆ ಚಿಗುರಿಗೂ ಹೂಗೊಂಚಲಿಗೂ ಒಣಹವೆ ಬೇಕು. ಚಂದ್ರಗುತ್ತಿಯ ಕಡೆ ಆ ಹೊತ್ತಿಗೆ ಮಳೆ ಪೂರ್ತಿ ಬಿಟ್ಟಿರುವುದಿಲ್ಲ, ಬಿಟ್ಟರೆ ಇಬ್ಬನಿ ಶುರು. ಡೌನಿ ರೋಗಕ್ಕೆ ಎರಡೂ ಹಬ್ಬ. ಹಾಗಾಗಿ ರಾಜ್ಯದ ವೈನ್ ತೋಟಗಳು ನಂದಿಬೆಟ್ಟದ ಸುತ್ತ, ವಿಜಯಪುರದ ಕಡೆಯ ಕೃಷ್ಣಾ ಕಣಿವೆಯಲ್ಲಿ, ಹಂಪಿಯ ಬೆಟ್ಟಸಾಲಿನಲ್ಲಿ ಬೇರೂರಿದವು. ದೊಡ್ಡಬಳ್ಳಾಪುರದ ಬಳಿ 1988ರಲ್ಲಿ ಶುರುವಾದ ಗ್ರೋವರ್ ತೋಟದಲ್ಲಿ ಈಗ ವಾರಾಂತ್ಯದ ಅತಿಥಿಗಳಿಗೆ ಬಳ್ಳಿಸಾಲಿನ ಸುತ್ತಾಟ, ಪೀಪಾಯಿಗಳ ದರ್ಶನ, ರುಚಿ ನೋಡಲು ಸಾಲು ಗ್ಲಾಸು, ಊಟ ಎಲ್ಲವೂ ಉಂಟು. ರಾಜ್ಯ ಸರ್ಕಾರ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನೇ ತಂದಿತು. ಅದೇ ವರ್ಷದ ಜುಲೈ 1ರಿಂದ ಸಾರಾಯಿ ನಿಂತಿತು. ಆಗ ಹಣಕಾಸು ಖಾತೆ ಶಿಕಾರಿಪುರದ ಶಾಸಕರ ಕೈಯಲ್ಲಿತ್ತು. ಒಂದೇ ವರ್ಷದಲ್ಲಿ ಒಂದು ಬಾಟಲಿ ಬಾಗಿಲಾಚೆ ಹೋಯಿತು, ಇನ್ನೊಂದು ಹಜಾರಕ್ಕೆ ಬಂತು.

ಎರಡೂ ಕಡೆ ಸುಗ್ಗಿ ಒಂದೇ ಕಾಲಕ್ಕೆ. ನಂದಿಯ ಸುತ್ತ ಗೊಂಚಲು ಕೊಯ್ಯುವ ಜನವರಿ–ಮಾರ್ಚ್ ತಿಂಗಳಲ್ಲೇ ಇಲ್ಲಿ ಕಬ್ಬು ಕಡಿದು ಗಾಣ ಹೂಡುತ್ತಾರೆ. ಎರಡೂ ಕಾದು ಕೂರುವ ಬೆಳೆಗಳಲ್ಲ. ಕಡಿದ ಕಬ್ಬಿನೊಳಗಿನ ಸಕ್ಕರೆ ದಿನ ಕಳೆದಂತೆ ಒಡೆಯುತ್ತ ಹೋಗುತ್ತದೆ. ಹಿಂಡಿದ ಹಾಲಂತೂ ಕೆಲವೇ ಗಂಟೆಗಳಲ್ಲಿ ಹುಳಿಯತೊಡಗುತ್ತದೆ. ಆಲೆಮನೆ ಗದ್ದೆಯ ಅಂಚಿನಲ್ಲೇ ಏಳುವುದಕ್ಕೂ ಬೆಳಕು ಹರಿಯುವ ಮೊದಲೇ ಗಾಣ ತಿರುಗುವುದಕ್ಕೂ ಕಾರಣ ಇದೇ. ಹಿಂದೆ ಕೋಣ ಕಟ್ಟಿದ ಮರದ ಗಾಣವಿತ್ತು, ಆಮೇಲೆ ಕಬ್ಬಿಣದ ಮೂರು ಉರುಳೆಗಳದ್ದು ಬಂತು. ಈಗ ಬಹುಪಾಲು ಕಡೆ ಊರೂರು ಸುತ್ತುವ ಬಾಡಿಗೆ ಗಾಣ, ಡೀಸೆಲ್ ಎಂಜಿನ್ನಿನ ಸದ್ದು. ಕೋಣನ ಗಾಣದ ಹಾಲೇ ಸಿಹಿ ಎಂದು ಹಿರಿಯರು ಹೇಳುತ್ತಾರೆ. ಅದಕ್ಕೆ ಪುರಾವೆಯಿಲ್ಲ, ಆದರೆ ಅದು ನಿಧಾನವಾಗಿ ತಿರುಗುತ್ತಿದ್ದುದರಿಂದ ಕುಡಿಯುವವರಿಗೆ ಬಿಡುವಿತ್ತು ಎಂಬುದು ನಿಜ.

ಒಂದು ಕ್ವಿಂಟಲ್ ಕಬ್ಬಿಗೆ ಸುಮಾರು 60 ಕಿಲೋ ಹಾಲು, ಹತ್ತು ಕಿಲೋದ ಆಚೀಚೆ ಬೆಲ್ಲ. ಹಾಲು ಸೋಸಿ ಕೊಪ್ಪರಿಗೆಗೆ ಬಿದ್ದ ಮೇಲೆ ಚಿಟಿಕೆ ಸುಣ್ಣ, ಕೆಲವೆಡೆ ಬೆಂಡೆಗಿಡದ ಲೋಳೆ. ಕೊಳೆ ಮೇಲಕ್ಕೆ ಬಂದಂತೆ ಜಾಲರಿ ಸೌಟಿನಲ್ಲಿ ತೆಗೆಯುತ್ತಾರೆ. ಒಲೆಗೆ ಒಣಗಿದ ಕಬ್ಬಿನ ಸಿಪ್ಪೆಯೇ ಉರುವಲು. ಪಾಕ 105 ಡಿಗ್ರಿಯ ಆಸುಪಾಸಿಗೆ ಬಂದಾಗ ಇಳಿಸಿದರೆ ಜೋನಿ ಎಂಬ ನೀರುಬೆಲ್ಲ, 118ರ ತನಕ ಕಾಯಿಸಿದರೆ ಅಚ್ಚು ಅಥವಾ ಉಂಡೆ. ಥರ್ಮಾಮೀಟರು ಯಾರ ಕೈಯಲ್ಲೂ ಇರುವುದಿಲ್ಲ. ಪಾಕ ನೋಡುವವನು ತಣ್ಣೀರಿಗೆ ನಾಲ್ಕು ಹನಿ ಬಿಟ್ಟು ಬೆರಳಲ್ಲಿ ಹೊರಳಿಸುತ್ತಾನೆ, ಗುಳ್ಳೆಯ ಗಾತ್ರ ನೋಡುತ್ತಾನೆ. ಅರ್ಧ ಗಳಿಗೆ ತಡವಾದರೆ ಜೋನಿ ತಳದಲ್ಲಿ ಹರಳುಗಟ್ಟುತ್ತದೆ, ಬೇಗ ಇಳಿಸಿದರೆ ಮಳೆಗಾಲದಲ್ಲಿ ಬುರುಗು ಬರುತ್ತದೆ.

ಇಲ್ಲಿ ರುಚಿ ನೋಡುವುದಕ್ಕೂ ಒಂದು ಕ್ರಮವಿದೆ, ವೈನರಿಯವರದ್ದಕ್ಕಿಂತ ಹಳೆಯದು. ಮೊದಲು ಹಸಿ ಹಾಲು, ಗಾಣದ ಬಾಯಿಂದ ನೇರವಾಗಿ, ಲೋಟದಲ್ಲಿ. ಬುಡದ ಕಬ್ಬು ಹೆಚ್ಚು ಸಿಹಿ, ತುದಿಯದು ಸಪ್ಪೆ ಮತ್ತು ತುಸು ಉಪ್ಪು. ಎರಡೂ ಬೆರೆತ ಲೋಟದಿಂದ ಗದ್ದೆಯ ಗುಣ ತಿಳಿಯುತ್ತದೆ. ಉಪ್ಪು ನೀರಿನ ನೆಲದ ಕಬ್ಬಾದರೆ ಹಾಲೂ ಬೆಲ್ಲವೂ ಉಪ್ಪೇ. ಯೂರಿಯಾ ಸುರಿದು ಬೆಳೆದದ್ದಾದರೆ ಹಾಲು ಧಾರಾಳ, ಬೆಲ್ಲ ಕಪ್ಪು, ಮೆತ್ತಗೆ. ಈ ಹಂತದಲ್ಲಿ ನಿಂಬೆ, ಶುಂಠಿ, ಐಸು ಹಾಕಿಸಿಕೊಳ್ಳುವ ಪಂಥ ಪೇಟೆಯ ತಳ್ಳುಗಾಡಿಯಲ್ಲಿ ಹುಟ್ಟಿ ಈಗ ಆಲೆಮನೆಗೂ ಕಾಲಿಟ್ಟಿದೆ. ಮೂರೂ ಸೇರಿದ ಮೇಲೆ ಕಬ್ಬು ಯಾವುದಾದರೇನು, ನೆಲ ಯಾವುದಾದರೇನು? ಎರಡನೆಯ ಲೋಟಕ್ಕೆ ಬೇಕಾದ್ದನ್ನು ಹಿಂಡಿಕೊಳ್ಳಲಿ, ಮೊದಲನೆಯದು ಬರೀ ಹಾಲಾಗಿರಬೇಕು.

ಆಮೇಲೆ ನೊರೆಬೆಲ್ಲ. ಪಾಕ ಉಕ್ಕುವ ಹೊತ್ತಿಗೆ ಕಬ್ಬಿನ ಸೀಳನ್ನು ಅದ್ದಿ ತೆಗೆದು, ಅಡಿಕೆ ಹಾಳೆಯ ಮೇಲೆ ಆರಲು ಬಿಟ್ಟು, ಬಾಯಿಗಿಡುವುದು. ಆಲೆಮನೆಯ ಅತ್ಯುತ್ತಮ ಗಳಿಗೆ ಇದೇ. ಇದನ್ನು ಡಬ್ಬಿಗೆ ತುಂಬಲಾಗುವುದಿಲ್ಲ, ಮಾರಲಾಗುವುದಿಲ್ಲ. ಹೊಗೆ, ಸುಟ್ಟ ಸಕ್ಕರೆಯ ಸಣ್ಣ ಕಹಿ, ಕಬ್ಬಿಣದ ಕೊಪ್ಪರಿಗೆಯ ವಾಸನೆ ಒಂದರ ಹಿಂದೊಂದು ಬರುತ್ತವೆ. ಕೊನೆಗೆ ಜೋನಿ. ಬಿಸಿ ಜೋನಿಯ ಮೇಲೆ ತೀರ್ಪು ಕೊಡುವವನು ಅವಸರದವನು. ಮೂರು ದಿನ ಆರಿ ಕೊಳೆ ಕೂತ ಮೇಲೆ ಬೆಳಕಿಗೆ ಹಿಡಿದು ಬಣ್ಣ ನೋಡಬೇಕು: ಕೆಂಪು ಬೆರೆತ ಹೊಂಬಣ್ಣ ಒಳ್ಳೆಯದು, ಬಿಳಿಚಿಕೊಂಡದ್ದು ಅನುಮಾನದ್ದು. ಚಮಚದಿಂದ ದಾರದಂತೆ ಇಳಿಯಬೇಕು, ತುಂಡಾಗಿ ಬೀಳಬಾರದು. ನಾಲಗೆಯ ಮೇಲೆ ಸಿಹಿ ಕರಗಿದ ನಂತರ ಸಣ್ಣದೊಂದು ಹುಳಿ ಉಳಿಯಬೇಕು. ಆ ಹುಳಿಯಿಲ್ಲದ ಜೋನಿಯಲ್ಲಿ ಸುಣ್ಣ ಮಿತಿಮೀರಿದೆ ಎಂದು ತಿಳಿಯಬಹುದು. ವೈನರಿಯಲ್ಲಿ ರುಚಿ ನೋಡಿ ಉಗುಳುವ ಪದ್ಧತಿಯಿದೆ. ಆಲೆಮನೆಯಲ್ಲಿ ಹಾಗೆ ಮಾಡಿದವನನ್ನು ಗದ್ದೆಯ ಯಜಮಾನ ಮತ್ತೆ ಕರೆಯಲಾರ.

ಸಿಹಿ ಮುಖಕ್ಕೆ ಹೊಡೆಯದಂತೆ ಖಾರ ನಡುನಡುವೆ ಬೇಕು. ಮಂಡಕ್ಕಿ, ಮಿರ್ಚಿ ಬಜ್ಜಿ, ಅಪ್ಪೆಮಿಡಿಯ ಉಪ್ಪಿನಕಾಯಿ: ಈ ಮೂರರ ಜೋಡಿಗೆ ಎದುರಿಲ್ಲ. ಚೀಸು, ಬಿಸ್ಕತ್ತಿನ ತಟ್ಟೆಯನ್ನು ನಂದಿಯಲ್ಲೇ ಬಿಟ್ಟು ಬರುವುದು ಒಳ್ಳೆಯದು. ಕಾಯಿ ಪಪ್ಪಾಯಿಯ ಹೋಳನ್ನು ಪಾಕದಲ್ಲಿ ಬೇಯಿಸಿ ತಿನ್ನುವುದೂ ಉಂಟು, ಮಕ್ಕಳಿಗೆ ಅದೇ ಇಷ್ಟ. ಮನೆಗೆ ಒಯ್ದ ಹಾಲಿಗೆ ಅಡುಗೆಮನೆಯಲ್ಲಿ ಬೇರೆಯದೇ ಬದುಕಿದೆ: ದೋಸೆ, ಮಣ್ಣಿ, ಎಲ್ಲಕ್ಕಿಂತ ಮಿಗಿಲಾಗಿ ತೊಡೆದೇವು. ಅಕ್ಕಿಹಿಟ್ಟನ್ನು ಕಬ್ಬಿನ ಹಾಲಿನಲ್ಲಿ ತೆಳ್ಳಗೆ ಕಲಸಿ, ಕಾದ ಮಡಕೆಯ ಬೆನ್ನಿನ ಮೇಲೆ ಬಟ್ಟೆ ಸುತ್ತಿದ ಕೋಲಿನಿಂದ ತೊಡೆದು ಎಬ್ಬಿಸುವ ಆ ಹಾಳೆ ಸಾಗರ, ಸಿರಸಿ, ಸೊರಬದ ಕೈಚಳಕ. ಊಟಕ್ಕೆ ಕೊಯ್ಲಾದ ಗದ್ದೆಬಯಲಿನ ಮಾವಿನ ನೆರಳು ಸಾಕು. ಊಟವಾದ ಮೇಲೆ ಆನವಟ್ಟಿಯ ಮಗ್ಗುಲಿನ ಕೋಟಿಪುರದಲ್ಲಿ 1100ರ ಸುಮಾರಿನ ಕೈಟಭೇಶ್ವರ ಗುಡಿ, ಶಿಕಾರಿಪುರದತ್ತ ಹೊರಳಿದರೆ ಬಳ್ಳಿಗಾವೆಯ ಕೇದಾರೇಶ್ವರ. ಬನವಾಸಿ ಹತ್ತಿರವೇ ಇದೆ ಎಂದು ಇಲ್ಲಿ ಪಂಪನನ್ನು ಎಳೆತರುವ ಅಗತ್ಯವಿಲ್ಲ. ಅವನು ಸಾಕಷ್ಟು ದುಡಿದಿದ್ದಾನೆ.

ಎಳೆತರಬೇಕಾದವನು ಕೌಟಿಲ್ಯ. ಅರ್ಥಶಾಸ್ತ್ರದ ಓಲೆಪ್ರತಿಯನ್ನು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದವರು ಮೈಸೂರಿನ ಓರಿಯಂಟಲ್ ಲೈಬ್ರರಿಯ ಆರ್. ಶಾಮಶಾಸ್ತ್ರಿಗಳು, ಆದ್ದರಿಂದ ಆ ಗ್ರಂಥದ ಮೇಲೆ ಕನ್ನಡಿಗರಿಗೂ ಹಕ್ಕುಂಟು. ಎರಡನೆಯ ಅಧಿಕರಣದಲ್ಲಿ ಉಗ್ರಾಣದ ಅಧಿಕಾರಿ ಲೆಕ್ಕವಿಡಬೇಕಾದ ಪದಾರ್ಥಗಳ ನಡುವೆ ಕಬ್ಬಿನಿಂದಾಗುವ ಐದು ಬಗೆಗಳು ಬರುತ್ತವೆ: ಫಾಣಿತ, ಗುಡ, ಮತ್ಸ್ಯಂಡಿಕಾ, ಖಂಡ, ಶರ್ಕರಾ. ಮೊದಲ ಹೆಸರಿನದೇ ನಮ್ಮ ಜೋನಿ. ನೀರುಪಾಕದಿಂದ ಹರಳುಸಕ್ಕರೆಯವರೆಗಿನ ಸಾಲಿನಲ್ಲಿ ಅದಕ್ಕೆ ತನ್ನದೇ ಜಾಗವಿದೆ. ಹತ್ತು ಅಧ್ಯಾಯ ದಾಟಿದರೆ ಸುರಾಧ್ಯಕ್ಷನ ಪ್ರಕರಣ. ಮೇದಕ, ಪ್ರಸನ್ನಾ, ಆಸವ, ಅರಿಷ್ಟ, ಮೈರೇಯ, ಮಧು ಎಂದು ಆರು ಪಾನೀಯಗಳು. ಅಲ್ಲಿ ಫಾಣಿತ ಮತ್ತೆ ಕಾಣಿಸಿಕೊಳ್ಳುತ್ತದೆ: ಬೇಲದ ಹಣ್ಣು ಒಂದು ತುಲಾ, ಫಾಣಿತ ಅದರ ಐದು ಪಾಲು, ಜೇನು ಒಂದು ಪ್ರಸ್ಥ ಸೇರಿದರೆ ಆಸವ. ಕೊನೆಯ ಮಧು ಮಾತ್ರ ದ್ರಾಕ್ಷಿಯದು. ಅದರ ಬಗ್ಗೆ ಕೌಟಿಲ್ಯ ಹೇಳುವುದು ಬಹಳ ಕಡಿಮೆ, ಆದರೆ ಹೇಳಿದ್ದು ದೊಡ್ಡದು: ಹುಟ್ಟಿದ ನಾಡಿನ ಮೇಲೆ ಅದಕ್ಕೆ ಹೆಸರು, ಕಾಪಿಶಾಯನ ಮತ್ತು ಹಾರಹೂರಕ ಎಂದು. ಕಾಪಿಶಿ ಇದ್ದದ್ದು ಇಂದಿನ ಕಾಬೂಲಿನ ಬಡಗಣ ಸೀಮೆಯಲ್ಲಿ. ಪಾಣಿನಿಯ ವ್ಯಾಕರಣದಲ್ಲೂ ಆ ರೂಪಕ್ಕೊಂದು ಸೂತ್ರವಿದೆ. ಫ್ರೆಂಚರು ತಮ್ಮ ಬಾಟಲಿಗೆ ಊರಿನ ಹೆಸರು ಅಂಟಿಸಿ ಮೆರೆಯುವುದಕ್ಕೆ ಎಷ್ಟೋ ಮೊದಲೇ ಈ ದೇಶದ ಸುರಾಧ್ಯಕ್ಷನಿಗೆ ಆ ವಿದ್ಯೆ ಗೊತ್ತಿತ್ತು.

ಗೊತ್ತಿದ್ದೂ ಜೋನಿಗೆ ಆ ಭಾಗ್ಯ ಬರಲಿಲ್ಲ. ಕೊಲ್ಹಾಪುರದ ಬೆಲ್ಲ, ಕೇರಳದ ಮರಯೂರಿನ ಬೆಲ್ಲ ಭೌಗೋಳಿಕ ಸೂಚಕದ ಪಟ್ಟಿ ಸೇರಿವೆ. ಬೆಂಗಳೂರು ನೀಲಿ ದ್ರಾಕ್ಷಿಯೂ ಸಿರಸಿಯ ಅಡಿಕೆಯೂ ಸೇರಿವೆ. ಸೊರಬದ ಸಂತೆಯಲ್ಲಿ ಜೋನಿ ಕೇಳಿದರೆ ಕೈಗೆ ಬರುವುದು ಹೆಸರಿಲ್ಲದ ಡಬ್ಬಿ. ಯಾವ ಗದ್ದೆಯ ಕಬ್ಬು, ಯಾವ ತಳಿ, ಯಾವ ತಿಂಗಳ ಅಡುಗೆ, ಕೇಳುವವರೂ ಇಲ್ಲ, ಹೇಳುವವರೂ ಇಲ್ಲ. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಬುಕಾನನ್ ರಸದಾಳಿ, ಪಟ್ಟಾಪಟ್ಟಿ ಎಂದು ಕಬ್ಬಿನ ಜಾತಿಗಳನ್ನು ಬೇರೆಬೇರೆಯಾಗಿ ಬರೆದುಕೊಂಡಿದ್ದ. ಈಗ ಹೆಚ್ಚಿನದೆಲ್ಲ ಕೊಯಮತ್ತೂರಿನ ಸಂಶೋಧನಾ ಸಂಸ್ಥೆಯ ನಂಬರಿನ ತಳಿಗಳು. ಆ ನಂಬರೂ ಡಬ್ಬಿಯ ಮೇಲಿರುವುದಿಲ್ಲ.

ಹೆಸರಿಲ್ಲದ ಮಾಲನ್ನು ಅಳೆಯಲು ಉಳಿಯುವುದು ಬಣ್ಣವೊಂದೇ. ಬಿಳಿಬೆಲ್ಲದ ಪಂಥ ಬೆಳೆದದ್ದು ಹೀಗೆ. ಕೊಪ್ಪರಿಗೆಗೆ ಹೈಡ್ರೋಸ್ ಎಂಬ ರಾಸಾಯನಿಕ ಸುರಿದರೆ ಎಂಥ ಕಪ್ಪು ಪಾಕವೂ ಹಳದಿಗೆ ತಿರುಗುತ್ತದೆ, ವ್ಯಾಪಾರಿ ಎರಡು ರೂಪಾಯಿ ಹೆಚ್ಚು ಕೊಡುತ್ತಾನೆ. ಕೆಲವು ವಾರದಲ್ಲಿ ಬಣ್ಣ ಮತ್ತೆ ಇಳಿಯುತ್ತದೆ, ಗಂಧಕದ ಘಾಟು ಉಳಿಯುತ್ತದೆ. ಇದಕ್ಕಿಂತ ನಿರುಪದ್ರವಿ, ಆದರೆ ಕಿರಿಕಿರಿಯಲ್ಲಿ ಕಡಿಮೆಯಿಲ್ಲದ್ದು, ಪೇಟೆ ಮೈದಾನಗಳ ಆಲೆಮನೆ ಹಬ್ಬ. ಕಬ್ಬನ್ನು ಲಾರಿಯಲ್ಲಿ ತಂದು, ಧ್ವನಿವರ್ಧಕ ಕಟ್ಟಿ, ಕೂಪನ್ ಹರಿದು ಹಾಲು ಕೊಡುತ್ತಾರೆ. ಗದ್ದೆಯ ಆಲೆಮನೆಯಲ್ಲಿ ಬಂದವರಿಗೆ ಹಾಲು ಇಲ್ಲವೆನ್ನುವ ರೂಢಿಯೇ ಇಲ್ಲ. ದುಡ್ಡು ಕೊಡಬೇಕಾದ್ದು ಒಯ್ಯುವ ಬೆಲ್ಲಕ್ಕೆ. ಆ ಧಾರಾಳ ಉಳಿಯುವುದು ಬೆಲ್ಲಕ್ಕೆ ಒಳ್ಳೆಯ ಬೆಲೆ ಬಂದಾಗ ಮಾತ್ರ. ಅಡಿಕೆ, ಶುಂಠಿ, ಅನಾನಸು ಒಂದು ಕಡೆಯಿಂದ, ಕೂಲಿಯಾಳಿನ ಅಭಾವ, ಹಂದಿ ಕಾಟ ಇನ್ನೊಂದು ಕಡೆಯಿಂದ ಕಬ್ಬಿನ ಗದ್ದೆಯನ್ನು ಒತ್ತುತ್ತಿವೆ.

ಆಲೆಮನೆಯ ಯಜಮಾನರು ಈ ಸಾರಿಯಾದರೂ ಡಬ್ಬಿಯ ಮೇಲೆ ಮೂರು ಸಾಲು ಬರೆಯಲಿ: ಊರು, ಕಬ್ಬಿನ ತಳಿ, ಪಾಕ ಇಳಿಸಿದ ದಿನಾಂಕ. ಕೊಳ್ಳುವವರು ಆ ಮೂರನ್ನು ಕೇಳಲಿ, ಇದ್ದರೆ ಹತ್ತು ರೂಪಾಯಿ ಹೆಚ್ಚೇ ಕೊಡಲಿ. ಹೋಗುವವರು ಸಂಕ್ರಾಂತಿ ಕಳೆದು ಶಿವರಾತ್ರಿಯೊಳಗೆ ಹೋಗಬೇಕು, ಬೆಳಗ್ಗೆ ಏಳಕ್ಕೆ ಮೊದಲೇ ಮುಟ್ಟಬೇಕು, ಹಾಲಿಗೂ ಜೋನಿಗೂ ಬೇರೆಬೇರೆ ಸ್ಟೀಲಿನ ಕ್ಯಾನು ಒಯ್ಯಬೇಕು. ಬಿಸಿ ಜೋನಿಯನ್ನು ಪ್ಲಾಸ್ಟಿಕ್ಕಿಗೆ ಸುರಿಯಬಾರದು.