ಬೆನ್ನೆಲುಬನ್ನು ಅಂಗಡಿಯಲ್ಲಿ ಕೊಳ್ಳುವುದು

ಮಣ್ಣಿನಲ್ಲಿ ಮನುಷ್ಯಾಕೃತಿ ಮಾಡಲು ಹೊರಟವರು ಈಗ ಮಣ್ಣನ್ನು ಒಳಗಿನಿಂದ ಹೊತ್ತು ನಿಲ್ಲಿಸುವ ಅಸ್ಥಿಪಂಜರವನ್ನು, ಅಂದರೆ ಆರ್ಮೇಚರ್ ಅನ್ನು, ಕಟ್ಟಲು ಬೆರಳು ನೋಯಿಸಿಕೊಳ್ಳಬೇಕಿಲ್ಲ. ಆನ್‌ಲೈನ್‌ನಲ್ಲಿ ಆರ್ಡರ್ ಮಾಡಿದರೆ ಅಲ್ಯೂಮಿನಿಯಂ ತಂತಿಯ ಮನುಷ್ಯ ಡಬ್ಬಿಯೊಳಗೆ ಮಲಗಿಕೊಂಡೇ ಮನೆಗೆ ಬರುತ್ತಾನೆ. ತಲೆಗೊಂದು ಉಂಗುರ, ಎರಡು ಕೈ, ಎರಡು ಕಾಲು, ಭುಜದಲ್ಲೂ ಸೊಂಟದಲ್ಲೂ ಒಂದೊಂದು ಗಂಟು. ಜೊತೆಗೆ ಒಂದು ಹಲಗೆ, ಅದರ ಮೇಲೆ ತಿರುಪು ಹಾಕಿ ನಿಲ್ಲಿಸುವ ಕಬ್ಬಿಣದ ಕಂಬ, ಕಂಬದಿಂದ ಚಾಚಿ ಆಕೃತಿಯ ಸೊಂಟವನ್ನು ಹಿಂದಿನಿಂದ ಹಿಡಿದುಕೊಳ್ಳುವ ಅಡ್ಡ ಸರಳು. ನನ್ನ ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ: ಕಂಬ ಮತ್ತು ಹಲಗೆಗೆ ದುಡ್ಡು ಕೊಡಬಹುದು, ತಂತಿಯ ಮನುಷ್ಯನಿಗೆ ಬೇಡ.

ತಂತಿ ಗಟ್ಟಿಯಿಲ್ಲ ಎಂಬುದು ನನ್ನ ದೂರಲ್ಲ. ಒಳ್ಳೆಯ ಕಂಪನಿಗಳ ತಂತಿ ಸಾಕಷ್ಟು ಗಟ್ಟಿಯಾಗಿಯೇ ಇರುತ್ತದೆ, ಅಲ್ಯೂಮಿನಿಯಂ ಆದ್ದರಿಂದ ಒದ್ದೆ ಮಣ್ಣಿನಲ್ಲಿ ತುಕ್ಕೂ ಹಿಡಿಯುವುದಿಲ್ಲ. ತೊಂದರೆ ಇರುವುದು ಅಳತೆಯಲ್ಲಿ. ಈ ಸಿದ್ಧ ಅಸ್ಥಿಪಂಜರಗಳು ಸಾಮಾನ್ಯವಾಗಿ ಏಳೂವರೆ ಅಥವಾ ಎಂಟು ತಲೆಯ ಎತ್ತರದ ವಯಸ್ಕ ದೇಹವನ್ನು ಲೆಕ್ಕವಿಟ್ಟು ಮಾಡಿದವು. ಮೊಣಕೈ ಎಲ್ಲಿ ಬರಬೇಕು, ತೊಡೆ ಎಷ್ಟುದ್ದವಿರಬೇಕು ಎಂಬುದೆಲ್ಲ ಕಾರ್ಖಾನೆಯಲ್ಲೇ ಇತ್ಯರ್ಥವಾಗಿದೆ. ನಮ್ಮ ಮೂರ್ತಿಶಿಲ್ಪದ ಅಳತೆಯ ಪದ್ಧತಿಯಾದ ತಾಳಮಾನದಲ್ಲಿ ಮುಖದ ಉದ್ದವೇ ಒಂದು ತಾಳ, ಅಂದರೆ ಹನ್ನೆರಡು ಅಂಗುಲ. ನವತಾಳದ ಮೂರ್ತಿ 108 ಅಂಗುಲ, ಗಣಪತಿಯದು ಪಂಚತಾಳ. ಆ ತಂತಿಯ ಮೇಲೆ ಗಣಪತಿಯನ್ನು ಕೂರಿಸಲು ಹೊರಟರೆ ಕಾಲು ಪೀಠ ದಾಟಿ ಹೊರಗೆ ಬರುತ್ತದೆ. ಕತ್ತರಿಸಿ ಗಿಡ್ಡ ಮಾಡಬಹುದು, ನಿಜ. ಕತ್ತರಿಸಿ, ಬೆಸೆದು, ಮತ್ತೆ ಸುತ್ತುವ ಹೊತ್ತಿಗೆ ಹೊಸದನ್ನೇ ಕಟ್ಟಿ ಮುಗಿಸಬಹುದಿತ್ತು.

ಅಳತೆಗಿಂತ ದೊಡ್ಡ ಕೇಡು ನಿಲುವಿನಲ್ಲಿದೆ. ಭಾರವನ್ನು ಒಂದೇ ಕಾಲಿನ ಮೇಲೆ ಬಿಟ್ಟು ನಿಂತವರನ್ನು ಗಮನಿಸಿ. ಆ ಕಾಲಿನ ಕಡೆಯ ಸೊಂಟ ಮೇಲೇರುತ್ತದೆ, ಅದೇ ಕಡೆಯ ಭುಜ ಕೆಳಗಿಳಿಯುತ್ತದೆ, ನಡುವೆ ಬೆನ್ನುಮೂಳೆ ಬಾಗುತ್ತದೆ. ಹೊಯ್ಸಳರ ಮದನಿಕೆಯರ ಬಳುಕೆಲ್ಲ ಭುಜ, ಸೊಂಟಗಳ ಈ ಎರಡು ಗೆರೆಗಳ ಓರೆಯಿಂದಲೇ ಹುಟ್ಟಿದ್ದು. ಸಿದ್ಧ ಆರ್ಮೇಚರಿನಲ್ಲಿ ಭುಜದ ಗೆರೆ, ಸೊಂಟದ ಗೆರೆ ಎರಡೂ ಒಂದಕ್ಕೊಂದು ಸಮಾನಾಂತರವಾಗಿ ಬಿಗಿದುಕೊಂಡು ಬರುತ್ತವೆ. ಕೈಕಾಲು ಸುಲಭವಾಗಿ ಬಾಗುತ್ತವೆ, ಮುಂಡ ಬಾಗುವುದಿಲ್ಲ. ಹೊಸಬರು ಬಾಗುವುದನ್ನು ಬಾಗಿಸಿ ಮಿಕ್ಕಿದ್ದನ್ನು ಹಾಗೇ ಬಿಡುತ್ತಾರೆ. ಕೊನೆಗೆ ನರ್ತಕಿಯೆಂದು ಮಾಡಿದ್ದು ಕವಾಯತಿಗೆ ನಿಂತ ಪೇದೆ ಕೈ ಬೀಸಿದಂತೆ ಕಾಣುತ್ತದೆ. ಮೇಲೆ ಎಷ್ಟು ನಾಜೂಕಾಗಿ ಮಣ್ಣು ಹಚ್ಚಿದರೂ ಅದು ಸರಿಹೋಗುವುದಿಲ್ಲ, ಏಕೆಂದರೆ ತಪ್ಪು ಮಣ್ಣಿಗಿಂತ ಒಳಗಿದೆ.

ಕೈಯಾರೆ ಕಟ್ಟುವವರು ನಿಲುವಿನ ಈ ಪ್ರಶ್ನೆಯನ್ನು ಮಣ್ಣು ಮುಟ್ಟುವ ಮುಂಚೆಯೇ ಎದುರಿಸಬೇಕಾಗುತ್ತದೆ. ಆಕೃತಿಯನ್ನು ಎದುರಿನಿಂದ ಒಮ್ಮೆ, ಪಕ್ಕದಿಂದ ಒಮ್ಮೆ ಪೂರ್ಣ ಅಳತೆಯಲ್ಲಿ ಕಾಗದದ ಮೇಲೆ ಬರೆದು, ತಂತಿಯನ್ನು ಆ ಗೆರೆಯ ಮೇಲೇ ಇಟ್ಟು ಬಾಗಿಸುತ್ತಾರೆ. ಎರಡು ಎಳೆ ಸೇರಿಸಿ, ಒಂದು ತುದಿಯನ್ನು ವೈಸಿಗೆ, ಇನ್ನೊಂದನ್ನು ಡ್ರಿಲ್ ಮಷೀನಿಗೆ ಸಿಕ್ಕಿಸಿ ಹುರಿ ಮಾಡಿದರೆ ಬಿಗಿಯೂ ಬರುತ್ತದೆ, ಮಣ್ಣಿಗೆ ಹಿಡಿತವೂ ಸಿಗುತ್ತದೆ. ತೊಡೆ, ಮೊಣಕಾಲ ಕೆಳಗಿನ ಭಾಗ, ತೋಳು, ಹೀಗೆ ಮೂಳೆ ಇರುವಲ್ಲೆಲ್ಲ ಎಪಾಕ್ಸಿ ಪುಟ್ಟಿ ಮೆತ್ತಿ ಗಟ್ಟಿ ಮಾಡಿ, ಕೀಲಿರುವಲ್ಲಿ ಮಾತ್ರ ತಂತಿಯನ್ನು ಬರಿದಾಗಿ ಬಿಡುತ್ತಾರೆ. ಆಮೇಲೆ ಭಂಗಿ ಬದಲಿಸಿದರೂ ಮೊಣಕಾಲು ಮೊಣಕಾಲಿನಲ್ಲೇ ಮಡಚುತ್ತದೆ, ತೊಡೆಯ ನಡುವೆ ಅಲ್ಲ. ಮುಂಡ ದಪ್ಪವಿದ್ದರೆ ಎರಡು ಮರದ ಚಕ್ಕೆಗಳನ್ನು ಅಡ್ಡಡ್ಡ ಕಟ್ಟಿ ಎದೆಗೂಡಿನೊಳಗೆ ತೂಗುಬಿಡುತ್ತಾರೆ. ಇದರ ಹೆಸರು ಬಟರ್‌ಫ್ಲೈ. ಒದ್ದೆ ಮಣ್ಣು ಅದೇ ಗಾತ್ರದ ನೀರಿನ ಸುಮಾರು ಎರಡು ಪಟ್ಟು ತೂಗುತ್ತದೆ. ಈ ಚಿಟ್ಟೆಯಿಲ್ಲದಿದ್ದರೆ ಎದೆ ರಾತ್ರೋರಾತ್ರಿ ಹೊಟ್ಟೆಗೆ ಇಳಿದಿರುತ್ತದೆ. ಕಟ್ಟಡದವರು ಬಳಸುವ ಕಪ್ಪು ಬೈಂಡಿಂಗ್ ವೈರ್ ಅಗ್ಗವೆಂದು ಅದನ್ನೇ ಸುತ್ತುವವರಿದ್ದಾರೆ. ಅದು ಬೇಗ ತುಕ್ಕು ಹಿಡಿದು ಮಣ್ಣಿಗೂ ಪ್ಲಾಸ್ಟರಿಗೂ ಕಲೆ ಬಿಡುತ್ತದೆ.

ಒಳಕಟ್ಟನ್ನು ಮೂರ್ತಿಯಷ್ಟೇ ಗಂಭೀರವಾಗಿ ತೆಗೆದುಕೊಂಡದ್ದು ನಮ್ಮ ಶಿಲ್ಪಶಾಸ್ತ್ರ. ಕಾಶ್ಯಪಶಿಲ್ಪದಂಥ ಗ್ರಂಥಗಳು ಮಣ್ಣಿನ ಮೂರ್ತಿಯ ಮರದ ಅಸ್ಥಿಪಂಜರವನ್ನು ಶೂಲವೆಂದು ಕರೆದು ಅದಕ್ಕೆ ಅಧ್ಯಾಯಗಳನ್ನೇ ಮೀಸಲಿಟ್ಟಿವೆ. ಬೆನ್ನಿಗೆ ವಂಶದಂಡ, ಎದೆಗೆ ವಕ್ಷೋದಂಡ, ಸೊಂಟಕ್ಕೆ ಕಟಿದಂಡ. ಅವುಗಳ ಮೇಲೆ ನಾಡಿಗಳಂತೆ ಹಗ್ಗ ಸುತ್ತಿ, ಮಾಂಸದಂತೆ ಮಣ್ಣು ತುಂಬಿ, ಚರ್ಮದಂತೆ ಬಟ್ಟೆ ಹೊದಿಸುವ ಕ್ರಮ. ತಿರುವನಂತಪುರದ ಅನಂತಪದ್ಮನಾಭನ ಮೂಲಮೂರ್ತಿ ಕಟುಶರ್ಕರವೆಂಬ ಇಂಥ ಪಾಕದಿಂದಲೇ ಆದದ್ದು. ಇಲ್ಲಿ ದಂಡದ ಅಳತೆಯೂ ಮೂರ್ತಿಯ ತಾಳದಿಂದಲೇ ಬರುತ್ತದೆ. ಯಾವ ಮೂರ್ತಿ ಎಂದು ಗೊತ್ತಾಗದೆ ಮೂಳೆ ಕಡಿಯುವಂತೆಯೇ ಇಲ್ಲ.

ಕೋಲ್ಕತ್ತದ ಮೂರ್ತಿಕಾರರ ಕೇರಿಯಾದ ಕುಮಾರಟುಲಿಯನ್ನು ನೋಡಿದರೆ ವಾದ ಇನ್ನೂ ಸ್ಪಷ್ಟವಾಗುತ್ತದೆ. ಅಲ್ಲಿನ ದುರ್ಗೆಗೆ ಬಿದಿರು, ಮರದ ಚೌಕಟ್ಟೊಂದಿದೆ, ಅದು ಕಾಠಾಮೋ. ರಥಯಾತ್ರೆಯ ದಿನ ಅದಕ್ಕೆ ಪೂಜೆಯೂ ನಡೆಯುತ್ತದೆ. ವಿಸರ್ಜನೆಯಾದ ಮೇಲೆ ಹೂಗ್ಲಿಯಿಂದ ಈ ಚೌಕಟ್ಟುಗಳನ್ನು ಮೇಲೆತ್ತಿ ಮತ್ತೆ ಮಾರುತ್ತಾರೆ, ಮರುವರ್ಷ ಅದೇ ಕೆಲಸಕ್ಕೆ ಬರುತ್ತದೆ. ಹಾಗಾದರೆ ಅವರೂ ಸಿದ್ಧ ಆರ್ಮೇಚರ್ ಕೊಂಡಂತಾಯಿತಲ್ಲ? ಇಲ್ಲ. ಕೊಳ್ಳುವುದು ಆಧಾರವನ್ನು ಮಾತ್ರ. ದೇವಿಯ ಮೈಯನ್ನು, ಮಹಿಷನ ತಿರುಚಿದ ಬೆನ್ನನ್ನು, ಸಿಂಹದ ನೆಗೆತವನ್ನು ಒಣಹುಲ್ಲು ಮತ್ತು ಸೆಣಬಿನ ದಾರದಲ್ಲಿ ಪ್ರತಿವರ್ಷ ಹೊಸದಾಗಿಯೇ ಬಿಗಿಯುತ್ತಾರೆ. ಮಣ್ಣು ಮೆತ್ತುವ ಮುಂಚೆ ಆ ಹುಲ್ಲಿನ ಮಹಿಷನ ಎದುರು ನಿಂತರೆ ಸಾಕು, ತ್ರಿಶೂಲ ಯಾವ ಕಡೆಯಿಂದ ಇಳಿಯಲಿದೆ ಎಂದು ಗೊತ್ತಾಗುತ್ತದೆ.

ಕೈಯಾರೆ ಕಟ್ಟಿದ್ದೆಲ್ಲ ಒಳ್ಳೆಯದು ಎಂದೂ ಹೇಳುವಂತಿಲ್ಲ. ಫ್ರಾನ್ಸಿನ ಕಲಾವಿದ ಎಡ್ಗರ್ ದೆಗಾ ಕಟ್ಟುತ್ತಿದ್ದ ಒಳಕಟ್ಟುಗಳನ್ನು ಯಾವ ಕಲಾಶಾಲೆಯ ಮೇಷ್ಟ್ರೂ ಪಾಸು ಮಾಡುತ್ತಿರಲಿಲ್ಲ. 1881ರ ಪ್ರದರ್ಶನದಲ್ಲಿ ಗದ್ದಲವೆಬ್ಬಿಸಿದ ಅವನ ಹದಿನಾಲ್ಕು ವರ್ಷದ ಪುಟ್ಟ ನರ್ತಕಿಯ ಮೇಣದ ಮೂಲಪ್ರತಿ ಈಗ ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಎಕ್ಸ್‌ರೇ ತೆಗೆದಾಗ ಒಳಗೆ ಲೋಹದ ಕಂಬಿ, ಹಗ್ಗ ಕಂಡವು. ತೋಳುಗಳಲ್ಲಿ ಬಣ್ಣದ ಕುಂಚದ ಹಿಡಿಗಳು! ಕೇಂಬ್ರಿಜ್‌ನ ಫಿಟ್ಸ್‌ವಿಲಿಯಂ ಮ್ಯೂಸಿಯಂನಲ್ಲಿರುವ ಅವನ ಮೇಣದ ಆಕೃತಿಗಳೊಳಗೆ ವೈನ್ ಬಾಟಲಿಯ ಬಿರಡೆಗಳೂ ಸಿಕ್ಕಿವೆ. 1917ರಲ್ಲಿ ಅವನು ತೀರಿಕೊಂಡಾಗ ಸ್ಟುಡಿಯೊದಲ್ಲಿ ಸುಮಾರು 150 ಆಕೃತಿಗಳಿದ್ದವು, ಬಹಳಷ್ಟು ಮುರಿದು ಪುಡಿಯಾಗಿದ್ದವು. ಕಂಚಿನಲ್ಲಿ ಎರಕ ಹೊಯ್ಯಲು ಉಳಿದದ್ದು ಹೆಚ್ಚುಕಡಿಮೆ ಅರ್ಧ. ತಾಂತ್ರಿಕವಾಗಿ ಇದು ಸೋಲೇ. ಆದರೆ ಹಿಂದೆ ಕೈ ಕಟ್ಟಿ, ಗಲ್ಲ ಎತ್ತಿ, ಒಂದು ಪಾದ ಮುಂದಿಟ್ಟು ನಿಂತ ಆ ಹುಡುಗಿಯ ಮೊಂಡು ಗತ್ತು ಡಬ್ಬಿಯಲ್ಲಿ ಬಂದ ತಂತಿಯಿಂದ ಹುಟ್ಟುತ್ತಿರಲಿಲ್ಲ. ಕೈಗೆ ಸಿಕ್ಕಿದ್ದನ್ನು ತುರುಕಿದ್ದು ಸೋಮಾರಿತನದಿಂದಲ್ಲ, ಭಂಗಿ ಇನ್ನೂ ಬದಲಾಗುತ್ತಿತ್ತು.

ಕೊಳ್ಳುವುದೇ ಸರಿ ಎನ್ನುವ ಸಂದರ್ಭಗಳೂ ಇವೆ. ಎದೆಯವರೆಗಿನ ಭಾವಶಿಲ್ಪಕ್ಕೆ ಬೇಕಾದದ್ದು ಒಂದು ಕಂಬ, ಎರಡು ತಂತಿಯ ಬಳೆ. ಅದನ್ನು ಕೊಂಡರೆ ನಷ್ಟವೇನಿಲ್ಲ. ಸ್ಟಾಪ್ ಮೋಷನ್ ಗೊಂಬೆಯ ಕಥೆ ಬೇರೆಯೇ. 1933ರ ಕಿಂಗ್ ಕಾಂಗ್ ಚಿತ್ರದ ಗೊಂಬೆಯಲ್ಲೂ ಲೋಹದ ಕೀಲಿನ ಅಸ್ಥಿಪಂಜರವಿತ್ತು. ಒಂದೊಂದು ಫ್ರೇಮಿಗೂ ಕೂದಲೆಳೆಯಷ್ಟು ಸರಿಸಿ ನಿಲ್ಲಿಸಬೇಕಾದ ಕೀಲನ್ನು ಮನೆಯ ವೈಸಿನಲ್ಲಿ ಮಾಡಲಾಗದು.

ಉಳಿದದ್ದು ಕಂಬ. ಕೊಳ್ಳುವಾಗ ಅದರ ತುದಿ ಹಿಡಿದು ಅಲ್ಲಾಡಿಸಿ ನೋಡಬೇಕು. ಖಾಲಿ ಇದ್ದಾಗಲೇ ತೂಗಾಡುವುದು ಮಣ್ಣು ಬಿದ್ದ ಮೇಲೆ ನಿಲ್ಲುವುದಿಲ್ಲ. ಅಡ್ಡ ಸರಳು ಮೇಲೆ ಕೆಳಗೆ ಸರಿಯುವಂತಿರಬೇಕು. ಹಲಗೆಯ ಕೆಳಗೆ ಪಟ್ಟಿ ಹೊಡೆದಿರದಿದ್ದರೆ ಮಣ್ಣಿನ ನೀರಿಗೆ ಅದು ಸೊಟ್ಟಗಾಗುತ್ತದೆ. ಇಷ್ಟಕ್ಕೂ ನಲ್ಲಿ ಕೆಲಸದವರ ಅರ್ಧ ಇಂಚಿನ ಜಿಐ ಪೈಪು, ಒಂದು ಫ್ಲ್ಯಾಂಜ್, ಒಂದು ಟೀ ಜಾಯಿಂಟ್ ಇವೆಲ್ಲ ಬೀದಿಯ ಹಾರ್ಡ್‌ವೇರ್ ಅಂಗಡಿಯಲ್ಲೇ ಸಿಗುತ್ತವೆ, ಕಂಪನಿಯ ಕಂಬಕ್ಕಿಂತ ಅಗ್ಗವಾಗಿ. ಅದಕ್ಕಿರುವ ಒಂದೇ ರೋಗ, ಭಾರ ಒಂದು ಕಡೆ ಎಳೆದಾಗ ಪೈಪಿನ ತಿರುಪಿನ ಮರೆ ಸಡಿಲಗೊಂಡು ಆಕೃತಿ ನಿಧಾನವಾಗಿ ಗೋಡೆಯತ್ತ ತಿರುಗುವುದು. ಮರೆಯ ಮೇಲೆ ಸಣ್ಣ ತೂತು ಕೊರೆದು ಒಂದು ಮೊಳೆ ಹೊಡೆದರೆ ಅದೂ ನಿಲ್ಲುತ್ತದೆ.