ನಿರಂಜನರ ಓದು ಮತ್ತು ‘ಚಿರಸ್ಮರಣೆ’

‘ಚಿರಸ್ಮರಣೆ’ಯನ್ನು ಓದಿದವರಲ್ಲಿ ಬಹುಮಂದಿ ಅದರ ರಾಜಕೀಯವನ್ನು ಮೆಚ್ಚುತ್ತಾರೆ, ಇಲ್ಲವೆ ಅದನ್ನೇ ದೂರುತ್ತಾರೆ. ಆ ಕಾದಂಬರಿಯ ಹಿಂದೆ ಮಲೆಯಾಳದ ಊರಿನಲ್ಲಿ ಕಲಿತ ಒಬ್ಬ ಕನ್ನಡ ವಿದ್ಯಾರ್ಥಿಯಿದ್ದಾನೆಂಬುದನ್ನು ನೆನೆಯುವವರು ವಿರಳ. ಗಡಿನಾಡಿನ ಶಾಲೆಗಳಲ್ಲಿ ಕನ್ನಡವನ್ನು ಕಲಿಸುವ, ಕಲಿಯುವ ನಮಗಾದರೋ ಮೊದಲು ಕಾಣಬೇಕಾದುದು ಅದೇ.

ಕುಳಕುಂದ ಶಿವರಾಯರು (ನಿರಂಜನರ ನಿಜನಾಮ ಇದು) 1924ರಲ್ಲಿ ಸುಬ್ರಹ್ಮಣ್ಯದ ಬಳಿಯ ಕುಳಕುಂದದಲ್ಲಿ ಜನಿಸಿದರು. ಸುಳ್ಯದಲ್ಲಿ ಓದಿ, ಹೈಸ್ಕೂಲಿಗೆಂದು ನೀಲೇಶ್ವರಕ್ಕೆ ಹೋದರು. ಆಗ ಅದೂ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿತ್ತು. ಜನರ ಆಡುಮಾತು ಮಾತ್ರ ಮಲೆಯಾಳ. ಅಲ್ಲಿಗೆ ಸಮೀಪದ ಕಯ್ಯೂರಿನಲ್ಲಿ 1941ರ ಮಾರ್ಚ್ ತಿಂಗಳಲ್ಲಿ ರೈತರ ಮೆರವಣಿಗೆ ನಡೆಯಿತು. ಪೋಲೀಸನೊಬ್ಬ ಹೊಳೆಯಲ್ಲಿ ಸತ್ತ. 1943ರ ಮಾರ್ಚ್ 29ರಂದು ಕಣ್ಣೂರಿನ ಸೆರೆಮನೆಯಲ್ಲಿ ನಾಲ್ವರನ್ನು ನೇಣಿಗೇರಿಸಿದರು. ಕಾದಂಬರಿ ಹೊರಬಂದುದು 1955ರಲ್ಲಿ.

ಕಯ್ಯೂರಿನ ರೈತರು ಕನ್ನಡವಾಡಿದವರಲ್ಲ. ಪರಭಾಷೆಯ ಬದುಕನ್ನು ಬಣ್ಣಿಸುವ ಲೇಖಕ ಸಾಮಾನ್ಯವಾಗಿ ಎರಡು ತಪ್ಪುಗಳಲ್ಲೊಂದನ್ನು ಮಾಡುತ್ತಾನೆ: ಪರಭಾಷೆಯ ಮಾತುಗಳನ್ನು ಪುಟಪುಟಕ್ಕೂ ಎರಚುತ್ತಾನೆ, ಇಲ್ಲವೆ ಆ ಜನರನ್ನು ತನ್ನೂರಿನವರನ್ನಾಗಿಯೇ ಮಾಡಿಬಿಡುತ್ತಾನೆ. ನಿರಂಜನರು ಎರಡನ್ನೂ ಮಾಡಲಿಲ್ಲ. ಚಿರುಕಂಡನ್ ಎಂಬ ಹೆಸರು ಕನ್ನಡದಲ್ಲಿ ‘ಚಿರುಕಂಡ’ ಎಂದಾಯಿತು, ಅಷ್ಟೆ. ಮಾತು ಸರಳವಾದ ಕನ್ನಡವಾದರೂ ಮನೆ, ಹೊಲ, ಹೊಳೆ ಎಲ್ಲವೂ ಆ ನೆಲದವೇ. ಎರಡು ಭಾಷೆಗಳ ನಡುವೆ ಬೆಳೆದ ಕಿವಿಯಿಲ್ಲದೆ ಈ ಹದ ಬಾರದು. ಅಪ್ಪು, ಚಿರುಕಂಡ ಎಂಬ ಹುಡುಗರ ಕಣ್ಣು ತೆರೆಸುವವರು ಶಾಲೆಯ ಮಾಸ್ತರರೆಂಬುದೂ ಆಕಸ್ಮಿಕವಲ್ಲ. ಅಕ್ಷರಕ್ಕೆ ಅಷ್ಟು ಬಲವುಂಟೆಂದು ಈ ಲೇಖಕರು ನಂಬಿದ್ದರು.

ದೋಷವೂ ಇದೆ. ಜಮೀನ್ದಾರರಲ್ಲಿ ಒಳಿತಿನ ಎಳೆಯೇ ತೋರದು. ನಾಯಕರಾದರೋ ಒಮ್ಮೆಯೂ ಅಳುಕುವುದಿಲ್ಲವೆನ್ನಬಹುದು. ನೇಣಿನ ಮುಂದೆ ನಿಂತ ತರುಣನಿಗೆ ಒಂದಿಷ್ಟು ಭಯವನ್ನು ಕೊಟ್ಟಿದ್ದರೆ ಅವನ ಧೈರ್ಯ ಇನ್ನೂ ದೊಡ್ಡದಾಗಿ ಕಾಣುತ್ತಿರಲಿಲ್ಲವೆ? ಗೋರ್ಕಿಯ ‘ತಾಯಿ’ಯನ್ನು ಕನ್ನಡಿಸಿದ ಕೈಗೆ ಆ ಕೃತಿಯ ಗುಣದೊಡನೆ ದೋಷವೂ ಅಂಟಿಕೊಂಡಿರಬೇಕು.

ಮುಂದೆ ‘ಚಿರಸ್ಮರಣೆ’ ಮಲೆಯಾಳಕ್ಕೂ ಹೋಯಿತು; ಆ ನಾಡಿನವರು ತಮ್ಮ ಕಥೆಯನ್ನು ಕನ್ನಡಿಗನೊಬ್ಬನಿಂದ ಕೇಳಿದರು. ನಿರಂಜನರ ಓದು ಮಾತ್ರ ನಿಲ್ಲಲಿಲ್ಲ. ಎಳೆಯರಿಗಾಗಿ ‘ಜ್ಞಾನಗಂಗೋತ್ರಿ’ಯ 7 ಸಂಪುಟಗಳನ್ನೂ, ಲೋಕದ ಕಥೆಗಳನ್ನು ತುಂಬಿದ ‘ವಿಶ್ವಕಥಾಕೋಶ’ದ 25 ಸಂಪುಟಗಳನ್ನೂ ಸಂಪಾದಿಸಿದರು. ಪಾರ್ಶ್ವವಾಯು ಬಡಿದ ಮೇಲೆ ಪ್ರಾಚೀನ ಈಜಿಪ್ತಿನ ಬದುಕನ್ನು ‘ಮೃತ್ಯುಂಜಯ’ದಲ್ಲಿ (1976) ಕಟ್ಟಿದರು. ಈಜಿಪ್ತನ್ನು ಅವರು ಗ್ರಂಥಗಳಿಂದ ಪಡೆದರು, ಕಯ್ಯೂರನ್ನು ಕಿವಿಯಿಂದ. ವಿಸ್ತಾರದಲ್ಲಿ ‘ಮೃತ್ಯುಂಜಯ’ವೇ ಹಿರಿದು, ಆದರೂ ನಮ್ಮ ಮಕ್ಕಳ ಕೈಗೆ ನಾನು ಮೊದಲು ಕೊಡುವುದು ‘ಚಿರಸ್ಮರಣೆ’ಯನ್ನೇ.