‘ಒಂದು ಡಿಗ್ರಿ ಅಂತ ಇರಲಿ’ ಎಂಬ ದುಬಾರಿ ಮಾತು

ಪಿಯುಸಿ ಫಲಿತಾಂಶ ಬಂದ ವಾರ ಬೆಂಗಳೂರಿನ ಹೆಬ್ಬಾಳ ಕೆಂಪಾಪುರದಲ್ಲಿ ಬೆಳಗಿನ ಪತ್ರಿಕೆ ಬಿಡಿಸಿದರೆ ಸುದ್ದಿಗಿಂತ ಮೊದಲು ಕರಪತ್ರಗಳು ಉದುರುತ್ತವೆ. ಬಿಕಾಂ, ಬಿಬಿಎ, ಬಿಸಿಎ, ಪ್ರವೇಶ ಆರಂಭ. ಸಿಂಧಿ ಕಾಲೇಜು, ಪ್ರೆಸಿಡೆನ್ಸಿ ಕಾಲೇಜು ಎರಡೂ ಇಲ್ಲೇ ಇರುವುದರಿಂದ ಪಿಜಿಗಳಿಗೆ, ಜೆರಾಕ್ಸ್ ಅಂಗಡಿಗಳಿಗೆ ಹೊಸ ವರ್ಷ ಶುರುವಾಗುವುದೂ ಆಗಲೇ. ಬಡವರು, ಇರುವವರು, ಹಳೇ ಊರಿನವರು, ಕಾಫಿ ಬೋರ್ಡ್ ಲೇಔಟಿನವರು ಬೇರೆ ಯಾವುದರಲ್ಲೂ ಒಮ್ಮತಕ್ಕೆ ಬಾರದಿದ್ದರೂ ಒಂದು ಮಾತನ್ನು ಎಲ್ಲರೂ ಒಪ್ಪುತ್ತಾರೆ. ಮಾನ್ಯತಾ ಟೆಕ್ ಪಾರ್ಕಿಗೆ ಕ್ಯಾಬ್ ಓಡಿಸುವವರೊಬ್ಬರನ್ನು ಕೇಳಿದೆ:

“ಮಗ ಏನು ತಗೊಂಡ?”

“ಬಿಕಾಂ ಸಾರ್.”

“ಲೆಕ್ಕ ಅಂದ್ರೆ ಇಷ್ಟಾನಾ ಅವನಿಗೆ?”

“ಇಷ್ಟ ಏನ್ ಬಂತು ಸಾರ್, ಒಂದು ಡಿಗ್ರಿ ಅಂತ ಇರ್ಲಿ. ಆಮೇಲೆ ನೋಡ್ಕೊಳ್ಳೋಣ.”

ಆಮೇಲೆ ಏನಾಗುತ್ತದೆ ಎನ್ನುವುದಕ್ಕೆ ಲೆಕ್ಕ ಇದೆ. ಬೆಂಗಳೂರಿನದೇ ಆದ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ 2023ರಲ್ಲಿ ಹೊರತಂದ ವರದಿಯ ಪ್ರಕಾರ ದೇಶದಲ್ಲಿ 25ರೊಳಗಿನ ಪದವೀಧರರಲ್ಲಿ ನಿರುದ್ಯೋಗ ಶೇ 42ರಷ್ಟಿತ್ತು. ಮರುವರ್ಷ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ವರದಿ ಬಂತು: 2022ರಲ್ಲಿ ಭಾರತದ ಯುವ ಪದವೀಧರರಲ್ಲಿ ಶೇ 29.1ರಷ್ಟು ಮಂದಿಗೆ ಕೆಲಸವಿಲ್ಲ, ಓದು ಬರಹ ಬಾರದ ಯುವಜನರಲ್ಲಿ ಶೇ 3.4ರಷ್ಟು ಮಂದಿಗೆ ಮಾತ್ರ. ಇದನ್ನು ನೋಡಿ ಓದದಿರುವುದೇ ಲೇಸು ಎನ್ನುವವರಿಗೆ ಅಂಕಿ ಓದಲು ಬರುವುದಿಲ್ಲ. ಗತಿಯಿಲ್ಲದವನು ಸಿಕ್ಕಿದ ಕೂಲಿ ಹಿಡಿಯುತ್ತಾನೆ, ನಿರುದ್ಯೋಗಿಗಳ ಪಟ್ಟಿಗೇ ಸೇರುವುದಿಲ್ಲ. ಡಿಗ್ರಿ ಇದ್ದವನು ಕಾಯುತ್ತಾನೆ. ಮೂವತ್ತು ದಾಟುವ ಹೊತ್ತಿಗೆ ಬಹುತೇಕರಿಗೆ ಏನೋ ಒಂದು ಸಿಗುತ್ತದೆ ಎಂಬುದೂ ಅದೇ 2023ರ ವರದಿಯಲ್ಲಿದೆ. ಅಂದರೆ ಡಿಗ್ರಿಯ ಖರ್ಚು ಫೀಸಿಗೆ ಮುಗಿಯುವುದಿಲ್ಲ, ಕಾಯುವ ವರ್ಷಗಳನ್ನೂ ಅದಕ್ಕೆ ಕೂಡಿಸಬೇಕು. ಬ್ಯಾಂಕ್ ಮ್ಯಾನೇಜರ ಮಗ ಆ ವರ್ಷಗಳನ್ನು ಮನೆಯಲ್ಲಿ ಕೂತು ಕಳೆದಾನು. ಕ್ಯಾಬ್ ಚಾಲಕರ ಮಗ ಬೆನ್ನಿಗೆ ಡೆಲಿವರಿ ಬ್ಯಾಗ್ ಹಾಕಿಕೊಳ್ಳುತ್ತಾನೆ. ಆ ಕೆಲಸಕ್ಕೆ ಬಿಕಾಂ ಬೇಕಿರಲಿಲ್ಲ, ಡ್ರೈವಿಂಗ್ ಲೈಸೆನ್ಸ್ ಸಾಕಿತ್ತು.

ಸರ್ಕಾರಿ ಕೆಲಸಕ್ಕೆ ಡಿಗ್ರಿ ಬೇಕಲ್ಲ ಎನ್ನುತ್ತಾರೆ. ನಿಜ, ಎಫ್‌ಡಿಎಗೆ ಬೇಕು, ಪಿಎಸ್‌ಐಗೆ ಬೇಕು. 2021ರ ಅಕ್ಟೋಬರಿನಲ್ಲಿ 545 ಪಿಎಸ್‌ಐ ಹುದ್ದೆಗಳಿಗೆ ಪರೀಕ್ಷೆ ಬರೆದವರು 54 ಸಾವಿರಕ್ಕೂ ಹೆಚ್ಚು. ಅಕ್ರಮ ಬಯಲಾಗಿ ಅದೂ ರದ್ದಾಯಿತು, ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ನೂರರಲ್ಲಿ ಒಬ್ಬನಿಗೆ ಸಿಗುವುದನ್ನು ತೋರಿಸಿ ನೂರೂ ಜನರ ಮೂರು ವರ್ಷ ತೆಗೆದುಕೊಳ್ಳುವುದಕ್ಕೆ ಭದ್ರತೆ ಎಂದು ಹೆಸರಿಟ್ಟಿದ್ದೇವೆ.

ಈ ಭ್ರಮೆಯಲ್ಲಿ ಸರ್ಕಾರದ ಪಾಲೂ ಇದೆ. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆ ಪಡೆದ ಯುವನಿಧಿಯನ್ನು ನೋಡಿ. ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3000 ರೂಪಾಯಿ, ಡಿಪ್ಲೊಮಾದವರಿಗೆ 1500. ಇಬ್ಬರ ಊಟ, ಬಸ್ ಚಾರ್ಜು ಒಂದೇ. ಕಸುಬು ಕಲಿತವನ ಬೆಲೆ ಅರ್ಧ ಎಂದು ವಿಧಾನಸೌಧವೇ ಹೇಳಿದ ಮೇಲೆ ಕೆಂಪಾಪುರದ ಅಪ್ಪ ಅಮ್ಮ ಇನ್ನೇನು ಹೇಳಿಯಾರು?

ಆದರೂ ಕಸುಬು ಕಲಿಯಿರಿ ಎಂದು ಬರೆಯುವಾಗ ಒಂದು ಕಡೆ ಪೆನ್ನು ನಿಲ್ಲುತ್ತದೆ. 1953ರಲ್ಲಿ ಮದ್ರಾಸಿನ ಮುಖ್ಯಮಂತ್ರಿ ರಾಜಾಜಿ ಹಳ್ಳಿ ಮಕ್ಕಳಿಗೆ ಅರ್ಧ ದಿನ ಶಾಲೆ, ಉಳಿದ ಹೊತ್ತು ಅಪ್ಪನ ಕಸುಬು ಎಂದರು. ದಕ್ಷಿಣ ಕನ್ನಡ ಆಗ ಮದ್ರಾಸಿಗೇ ಸೇರಿತ್ತು. ಕುಲಕಸುಬಿಗೆ ಕಟ್ಟಿಹಾಕುವ ಹುನ್ನಾರವಿದು ಎಂದು ಜನ ತಿರುಗಿಬಿದ್ದರು, ಮರುವರ್ಷವೇ ಯೋಜನೆ ಬಿತ್ತು. ಆ ಸಿಟ್ಟು ನ್ಯಾಯವಾದದ್ದು. ತಾತ ಮಡಕೆ ಮಾಡಿದ, ಅಪ್ಪ ಗಾರೆ ಕೆಲಸ ಮಾಡಿದ, ಮಗನಾದರೂ ಇಸ್ತ್ರಿ ಬಟ್ಟೆ ಹಾಕಿಕೊಂಡು ಕಾಲೇಜಿಗೆ ಹೋಗಲಿ ಎಂಬ ಆಸೆಯನ್ನು ಮೂರು ತಲೆಮಾರು ಓದಿದ ಮನೆಯವರು ಲೇವಡಿ ಮಾಡಬಾರದು. ಕಾಲೇಜು ಬಿಟ್ಟು ಕೋಟ್ಯಧೀಶರಾದವರ ಕಥೆ ಹೇಳುವ ಸ್ಟಾರ್ಟಪ್ ಮಂದಿಯ ಮಕ್ಕಳು ಯಾವ ಐಟಿಐಯಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ. ಹೆಣ್ಣುಮಕ್ಕಳ ವಿಷಯದಲ್ಲಂತೂ ನನ್ನ ತಕರಾರೇ ಇಲ್ಲ. ಎಷ್ಟೋ ಮನೆಗಳಲ್ಲಿ ಕಾಲೇಜು ಎಂದರೆ ಮದುವೆ ಮಾತು ಮೂರು ವರ್ಷ ಮುಂದಕ್ಕೆ ಹೋಗುವುದು. ಪಾಠ ಹೇಗಾದರೂ ಇರಲಿ, ಅದಕ್ಕಾಗಿಯೇ ಅವಳು ಸೇರಲಿ.

ಗಂಡುಮಕ್ಕಳ ಮಾತಿಗೆ ಬಂದರೆ, ಇವತ್ತಿನ ಕಸುಬು ಅಪ್ಪನದೇ ಆಗಬೇಕಿಲ್ಲ. ರಾಜಾಜಿನಗರ ಕೈಗಾರಿಕಾ ಪ್ರದೇಶದಲ್ಲಿ ಜಿಟಿಟಿಸಿ ಇದೆ, ಡೆನ್ಮಾರ್ಕ್ ಸರ್ಕಾರದ ನೆರವಿನಿಂದ 1972ರಲ್ಲಿ ಶುರುವಾದ ಸರ್ಕಾರಿ ಟೂಲ್ ರೂಂ. ಎಸ್ಸೆಸ್ಸೆಲ್ಸಿ ಆದವರು ಟೂಲ್ ಅಂಡ್ ಡೈ ಡಿಪ್ಲೊಮಾಕ್ಕೆ ಸೇರಬಹುದು, ಕೊನೆಯ ವರ್ಷ ಕಾರ್ಖಾನೆಯಲ್ಲೇ ತರಬೇತಿ. ಅಲ್ಲಿ ಕಲಿಯುವ ಹುಡುಗ ಉಕ್ಕಿನ ತುಂಡನ್ನು ಮೈಕ್ರೋಮೀಟರಿನಲ್ಲಿ ಹಿಡಿದು ಮಿಲಿಮೀಟರಿನ ನೂರನೇ ಒಂದು ಭಾಗದ ತಪ್ಪು ಹುಡುಕುತ್ತಾನೆ. ನೀರಿನ ಬಾಟಲಿಯ ಮುಚ್ಚಳ ಸೋರದಂತೆ ಕೂರುವುದು ಅಂಥವನೊಬ್ಬ ಮಾಡಿದ ಅಚ್ಚಿನಿಂದ. ತಲೆ ಓಡದವರಿಗೆ ಕೈಕೆಲಸ ಎನ್ನುವವರು ಆ ಅಚ್ಚಿನ ಡ್ರಾಯಿಂಗನ್ನು ಒಮ್ಮೆ ಓದಿ ನೋಡಲಿ. ಇನ್ನೂ ಹತ್ತಿರದ್ದು ಬೇಕೆಂದರೆ ಹೆಬ್ಬಾಳದಲ್ಲೇ ಕೃಷಿ ವಿಶ್ವವಿದ್ಯಾಲಯದ ಬೇಕರಿ ತರಬೇತಿ ಘಟಕವಿದೆ, ಕೆಲವೇ ವಾರಗಳ ಕೋರ್ಸು. ದಿನಾ ಸಂಜೆ ಪಫ್ ತಿನ್ನುವ ನಮಗೆ ಅದನ್ನು ಮಾಡಲು ಕಲಿಸುವ ಜಾಗ ಮಗ್ಗುಲಲ್ಲೇ ಇರುವುದು ಗೊತ್ತಿಲ್ಲ.

ಪೀಣ್ಯದ ಸಣ್ಣ ಕಾರ್ಖಾನೆಗಳಲ್ಲಿ ಸಂಬಳ ಕಡಿಮೆ, ಗುತ್ತಿಗೆ ಕಾಟ ಬೇರೆ ಎಂಬುದು ಸುಳ್ಳಲ್ಲ. ಅದು ಕೂಲಿಗಾಗಿ ಹೂಡಬೇಕಾದ ಜಗಳ, ಎಲ್ಲರೂ ಬಿಕಾಂ ಮಾಡಿದರೆ ತೀರುವಂಥದ್ದಲ್ಲ. ಹದಿನೆಂಟಕ್ಕೆ ಸೇರದಿದ್ದರೆ ಕಾಲೇಜಿನ ಬಾಗಿಲು ಮುಚ್ಚಿತು ಎಂಬ ಭಯಕ್ಕಂತೂ ಆಧಾರವೇ ಇಲ್ಲ. ಐಟಿಐ ಮುಗಿಸಿದವರಿಗೆ ನೇರ ಎರಡನೇ ವರ್ಷದ ಡಿಪ್ಲೊಮಾಕ್ಕೆ ಅವಕಾಶವಿದೆ, ಡಿಪ್ಲೊಮಾ ಆದವರು ಡಿಸಿಇಟಿ ಬರೆದು ಎರಡನೇ ವರ್ಷದ ಬಿಇಗೆ ಹೋಗಬಹುದು. ದುಡಿಯುತ್ತಲೇ ಓದುವವರಿಗೆ ಮೈಸೂರಿನ ಮುಕ್ತ ವಿಶ್ವವಿದ್ಯಾಲಯ 1996ರಿಂದ ಇದೆ.

ಕಾಲೇಜಿನಲ್ಲಿ ಇಂಥದ್ದನ್ನೇ ಕಲಿಯಬೇಕು ಎಂದು ಬಾಯಿಬಿಟ್ಟು ಹೇಳುವ ಹುಡುಗನನ್ನು ಸಾಲ ಮಾಡಿಯಾದರೂ ಸೇರಿಸಿ. ಏನೂ ಹೇಳದೆ ತಲೆತಗ್ಗಿಸಿ ನಿಂತವನ ಫೀಸು ಕಟ್ಟಲು ಅವಸರ ಮಾಡಬೇಡಿ. ಕೊನೇ ದಿನಾಂಕಕ್ಕೆ ಮೊದಲು ಒಂದು ದಿನ ಬಿಡುವು ಮಾಡಿಕೊಂಡು, ಅವನ ಜೊತೆ ರಾಜಾಜಿನಗರದ ಬಸ್ಸು ಹತ್ತಿ, ಆ ಟೂಲ್ ರೂಮಿನ ಬಗ್ಗೆ ವಿಚಾರಿಸಿಕೊಂಡು ಬನ್ನಿ.